ಪಕ್ಕದ ಮನೆಯ ಹೆಪ್ಪು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಗೋವಿಂದಮ್ಮನನ್ನು ನೋಡಿಯೇ ಹುಟ್ಟಿರಬೇಕು ಎಂದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಆಡಿಕೊಳ್ಳುವವರಿದ್ದರು. ಅವಳ ಮನೆಗೆ ನಿಜವಾದ ಮೊಲವೇ ಬಂದ ಮೇಲಂತೂ ಆ ಮಾತಿಗೆ ಕೈಕಾಲು ಬಂದವು. ಗೋವಿಂದಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನಗುವವರ ಮುಂದೆ ಎಡವಿ ಬೀಳಬಾರದು ಎಂಬುದೊಂದನ್ನು ಬಿಟ್ಟರೆ ಅವಳು ಯಾರಿಂದಲೂ ಬುದ್ಧಿಮಾತು ತೆಗೆದುಕೊಂಡವಳಲ್ಲ.

ಗಡಿಯಾಚೆಯ ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದವಳು. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಜಗಳಕ್ಕೆ ಎರಡೂ. ಗಂಡ ಮಾರ್ಕಂಡಪ್ಪ ರೇಷ್ಮೆ ಸೀರೆಗೆ ಬೀದಿಯಲ್ಲೇ ಹೆಸರಾದವನು. ಮದುವೆಯಾಗಿ ಬಂದ ಹುಡುಗಿಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದರಿಂದ ಹಿಡಿದು ಲಾಳಿ ಎಸೆಯುವವರೆಗೆ ಎಲ್ಲವನ್ನೂ ಕಲಿಸಿದವನು ಅವನೇ. ಆಮೇಲೆ ಅವನ ತಮ್ಮನ ಹೆಂಡತಿಯಾಗಿ ನಾಗರತ್ನ ಬಂದಳು. ಅವಳಿಗೂ ಅವನೇ ಗುರು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಒಬ್ಬರ ಕೈ ಸಾಲುವುದಿಲ್ಲ. ಒಬ್ಬರು ಒಡಲಿನ ಲಾಳಿ ಎಸೆಯಬೇಕು, ಪಕ್ಕದಲ್ಲಿ ಇನ್ನೊಬ್ಬರು ಅಂಚಿನ ಲಾಳಿ ತಿರುಗಿಸಿ ಕೊಡಬೇಕು. ನಾಗರತ್ನಳದು ಒಡಲು, ಗೋವಿಂದಮ್ಮನದು ಅಂಚು. ಹಾಗೆ ಇಬ್ಬರೂ ನಾಗರತ್ನಳ ಮನೆಯ ಒಂದೇ ಮಗ್ಗದಲ್ಲಿ ಕೂತು ನೇಯ್ದ ಸೀರೆಗಳನ್ನು ಉಟ್ಟು ಎಷ್ಟೋ ಹುಡುಗಿಯರು ಅಜ್ಜಿಯರಾಗುವ ಹೊತ್ತು ಬಂದಿತ್ತು. ಮನೆ ಎರಡಾದರೂ ನಡುವೆ ಇದ್ದದ್ದು ಒಂದೇ ಗೋಡೆ. ಒಂದು ಮನೆಯ ಮೊಸರು ಕೆಟ್ಟರೆ ಹೆಪ್ಪು ಇನ್ನೊಂದು ಮನೆಯಿಂದ ಬರುತ್ತಿತ್ತು.

ಮೊಲಗಳನ್ನು ತಂದವನೂ ಮಾರ್ಕಂಡಪ್ಪನೇ. ಚಳ್ಳಕೆರೆಗೆ ಸೀರೆ ಕೊಡಲು ಹೋದವನು ಸೀರೆಯ ಚೀಲದಲ್ಲೇ ಎರಡು ಮರಿ ಹಾಕಿಕೊಂಡು ಬಂದಿದ್ದ. ಒಂದೇ ಸೂಲಿನವು. ಒಂದು ತಮ್ಮನ ಮನೆಗೆ, ಒಂದು ತನ್ನ ಮನೆಗೆ. ನೇಕಾರರ ಮನೆಯಲ್ಲಿ ಎಳೆ ಕಡಿಯುವ ಪ್ರಾಣಿ ಯಾಕೆ ಎಂದು ಗೋವಿಂದಮ್ಮ ರೇಗಿದಳು. ಆದರೆ ಅದು ಎಳೆಯ ತಂಟೆಗೆ ಹೋಗಲಿಲ್ಲ. ಕುಣಿಯ ಅಂಚಿನಲ್ಲಿ, ಮಗ್ಗ ಎಷ್ಟು ಬಡಿದರೂ ಲೆಕ್ಕಿಸದೆ, ಮಾರ್ಕಂಡಪ್ಪನ ಪಾದದ ಪಕ್ಕ ನಿದ್ದೆ ಹೋಗುತ್ತಿತ್ತು. ಅದಕ್ಕೆ ಹೆಸರೆಂದು ಯಾರೂ ಇಡಲಿಲ್ಲ. ತೆಲುಗಿನಲ್ಲಿ ಮೊಲಕ್ಕೆ ಕುಂದೇಲು ಎನ್ನುತ್ತಾರೆ, ಅದೇ ಹೆಸರಾಯಿತು.

ಹೋದ ವರ್ಷದ ಹಿಂದಿನ ವರ್ಷ, ಎದೆನೋವು ಎಂದು ಮಗ್ಗದಿಂದ ಎದ್ದ ಮಾರ್ಕಂಡಪ್ಪ ಹೊಸಿಲು ದಾಟಲಿಲ್ಲ.

ಆ ಬೀದಿಯಲ್ಲಿ ಒಂದು ವಾಡಿಕೆ ಇದೆ. ಯಾರದಾದರೂ ಮನೆಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ರಕ್ತಸಂಬಂಧಿಗಳ ಮಗ್ಗವಾದರೆ ಹನ್ನೊಂದರ ಶುದ್ಧಿಯಾಗುವವರೆಗೂ ಆಡುವಂತಿಲ್ಲ. ಸತ್ತವನ ಕಿವಿಗೆ ಮಗ್ಗದ ಸದ್ದು ಬಿದ್ದರೆ ಅವನು ಕೆಲಸ ಬಾಕಿ ಇದೆಯೆಂದು ತಿರುಗಿ ಬರುತ್ತಾನಂತೆ. ನಂಬುವವರು ನಂಬುತ್ತಾರೆ, ನಂಬದವರೂ ನಿಲ್ಲಿಸುತ್ತಾರೆ. ಮೂರನೆಯ ದಿನ ಮಧ್ಯಾಹ್ನ ಮೂಲೆಯಲ್ಲಿ ಮುದುಡಿ ಮಲಗಿದ್ದ ಗೋವಿಂದಮ್ಮನಿಗೆ ಗೋಡೆಯ ಆಚೆಯಿಂದ ಮಗ್ಗದ ಸದ್ದು ಕೇಳಿಸಿತು. ಮಂಪರಿನಲ್ಲಿ ಮೊದಲು ಅವಳಿಗೆ ಗಂಡನೇ ಮಗ್ಗಕ್ಕೆ ಕೂತಿದ್ದಾನೆ ಅನಿಸಿತು. ಒಂದು ಗಳಿಗೆ ಜೀವ ಬಂದಂತಾಯಿತು. ಆಮೇಲೆ ತಿಳಿಯಿತು. ಎದ್ದು ಹೋಗಿ ನಾಗರತ್ನಳ ಬಾಗಿಲಲ್ಲಿ ನಿಂತಳು.

“ಇನ್ನೊಂದು ಸಲ ನಿನ್ನ ಹೊಸಿಲು ತುಳಿದ್ರೆ ನಾನು ನೇಕಾರ್ತಿನೇ ಅಲ್ಲ” ಎಂದಳು. ನಾಗರತ್ನ ಏನೋ ಹೇಳಲು ಬಾಯಿ ತೆರೆದಳು. ಕೇಳಲು ಗೋವಿಂದಮ್ಮ ಅಲ್ಲಿ ಇರಲಿಲ್ಲ.

ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಗೋವಿಂದಮ್ಮ ಪ್ಯಾಕೆಟ್ ಮೊಸರು ತರಿಸಿದಳೇ ಹೊರತು ಪಕ್ಕದ ಮನೆಯ ಹೆಪ್ಪು ಮುಟ್ಟಲಿಲ್ಲ. ಮಗ್ಗಕ್ಕೂ ಕೂರಲಿಲ್ಲ. ಬೇರೆಯವರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು ಕಾಲ ಹಾಕಿದಳು. ನಾಗರತ್ನ ಒಬ್ಬಳ ಕೈಗೆ ಸಾಲುವ ಒಂದೇ ಬಣ್ಣದ ಸೀರೆಗೆ ಇಳಿದಳು. ಗೂಡ್ಸ್ ಆಟೋ ಓಡಿಸುವ ಮಗ ಕೃಷ್ಣಕುಮಾರ್ ಮಾತ್ರ ತಾಯಿಗೆ ಗೊತ್ತಾಗದಂತೆ ಚಿಕ್ಕಮ್ಮನ ಮನೆಯಲ್ಲಿ ಒಬ್ಬಟ್ಟು ತಿಂದು ಬರುತ್ತಿದ್ದ. ತಾಯಿಗೆ ಗೊತ್ತಿತ್ತು. ಮಗನ ಬಾಯಿಯ ತುಪ್ಪದ ವಾಸನೆ ಹಿಡಿಯದ ತಾಯಿ ಎಲ್ಲಿದ್ದಾಳೆ? ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಗಂಡ ಕೊನೆಯದಾಗಿ ಮನೆಗೆ ತಂದ ಜೀವವೆಂದು ಉಳಿದದ್ದು ಕುಂದೇಲು. ಸಂಜೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಅದಕ್ಕೆ ಹೇಳುವಳು.

ಈ ಸಲದ ಬೇಸಗೆಯಲ್ಲಿ ಬೆಕ್ಕೊಂದು ಕುಂದೇಲಿನ ಭುಜಕ್ಕೆ ಬಾಯಿ ಹಾಕಿತು. ಗಾಯ ಸಣ್ಣದು, ಆದರೆ ಕೀವು ಕಟ್ಟಿತು. ಗೋವಿಂದಮ್ಮ ಹಲ್ಲು ಕೀಳಿಸಿದಾಗ ಕೊಟ್ಟಿದ್ದ ಮಾತ್ರೆಗಳು ದೇವರ ಗೂಡಿನಲ್ಲಿ ಉಳಿದಿದ್ದವು. ತನ್ನ ದವಡೆಯ ಕೀವು ಒಣಗಿಸಿದ ಮಾತ್ರೆ ಮೊಲದ ಭುಜದ ಕೀವು ಒಣಗಿಸದೇ? ಕೊಳವೆ ಮಾತ್ರೆ ಬಿಚ್ಚಿ, ಪುಡಿಯಲ್ಲಿ ಅರ್ಧ ತೆಗೆದು, ಬೆಲ್ಲದ ನೀರಿನಲ್ಲಿ ಕಲಸಿ, ಮಗುವಿಗೆ ಕುಡಿಸುವಷ್ಟು ಮುದ್ದು ಮಾಡಿ ಕುಡಿಸಿದಳು. ಮಾರನೆಯ ದಿನವೂ ಕುಡಿಸಿದಳು. ಗಾಯ ನಿಜಕ್ಕೂ ಒಣಗತೊಡಗಿತು. ಆದರೆ ಕುಂದೇಲಿನ ಹಿಂಭಾಗ ಒದ್ದೆಯಾಯಿತು, ನಾರತೊಡಗಿತು. ಗುಂಡುಗುಂಡಾಗಿ ಬೀಳುತ್ತಿದ್ದ ಹಿಕ್ಕೆಯ ಬದಲು ಅಂಟಂಟು ನೀರು.

ನೇಕಾರರ ಮನೆಯಲ್ಲಿ ಗಂಜಿಗೆ ಬಗೆಹರಿಯದ ಕಷ್ಟವಿಲ್ಲ. ಎಳೆ ಸಡಿಲವಾದರೆ ಗಂಜಿ, ಹೊಟ್ಟೆ ಸಡಿಲವಾದರೂ ಗಂಜಿ. ಗೋವಿಂದಮ್ಮ ಅಕ್ಕಿ ಗಂಜಿ ಕಾಸಿ ಕುಡಿಸಿದಳು. ಹೊಟ್ಟೆ ಉಬ್ಬಿತು. ಸರಿ, ಲಂಘನಂ ಪರಮೌಷಧಂ ಎಂದು ಸೊಪ್ಪು, ಶೇಂಗಾ ಬಳ್ಳಿ ಎಲ್ಲವನ್ನೂ ಅದರ ಮುಂದಿನಿಂದ ಎತ್ತಿಬಿಟ್ಟಳು. ಅದರ ಜೊತೆಗೆ ತಾನೂ ಒಂದು ಹೊತ್ತು ಉಪವಾಸ ಇದ್ದಳು. ಮರುದಿನ ಕುಂದೇಲು ಬೆನ್ನು ಬಾಗಿಸಿ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತಿತ್ತು. ನೀರೂ ಇಲ್ಲ, ಹಿಕ್ಕೆಯೂ ಇಲ್ಲ. ಮುಟ್ಟಿದರೆ ಕಿವಿ ತಣ್ಣಗಿತ್ತು.

“ಆಟೋ ತೆಗೀ” ಎಂದಳು ಮಗನಿಗೆ.

ಪಶು ಆಸ್ಪತ್ರೆಯ ಮುಂದೆ ಕುರಿಗಳದೇ ಸಂತೆ. ಬಿ.ಜಿ. ಕೆರೆ ಕಡೆಯ ದೊಡ್ಡಪಾಲಯ್ಯ ಎಂಬ ಕುರಿಗಾರ ತನ್ನ ಕುಂಟು ಟಗರನ್ನು ಹಿಡಿದುಕೊಂಡು ಕೂತಿದ್ದವನು ಇವಳ ಮಡಿಲಲ್ಲಿ ಇಣುಕಿ ನೋಡಿ ನಕ್ಕ. “ಮೊಲಕ್ಕೂ ಆಸ್ಪತ್ರೆ ಬಂತೇನವ್ವ!” ಗೋವಿಂದಮ್ಮನ ಮುಖ ನೋಡಿದ ಮೇಲೆ ನಗು ನುಂಗಿಕೊಂಡು, “ಹೋಗು ತಾಯಿ, ಮುಂದಕ್ ಹೋಗು. ನನ್ ಟಗರು ಸಾಯಲ್ಲ” ಎಂದು ಜಾಗ ಬಿಟ್ಟುಕೊಟ್ಟ.

ಡಾಕ್ಟರು ಸೌಂದರ್ಯ ಎಂಬ ಹುಡುಗಿ. ಇಲ್ಲಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಮೊಲದ ಹೊಟ್ಟೆಯ ಮೇಲೆ ಸ್ಟೆತಸ್ಕೋಪಿನ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಏನು ಕೊಟ್ಟಿರಿ ಎಂದು ಕೇಳಿದಳು. ಗೋವಿಂದಮ್ಮ ಸೆರಗಿನಿಂದ ಮಾತ್ರೆಯ ಹಾಳೆ ಬಿಚ್ಚಿ ಕೊಟ್ಟಳು. ಡಾಕ್ಟರು ಅದರ ಮೇಲಿನ ಹೆಸರನ್ನು ಎರಡು ಸಲ ಓದಿದಳು.

“ಅಮ್ಮಾ, ಇದು ನಿಮಗೆ ಔಷಧಿ. ಮೊಲದ ಬಾಯಿಗೆ ಹೋದ್ರೆ ವಿಷ ಇದ್ದ ಹಾಗೆ.”

“ಗಾಯ ಒಣಗ್ತಲ್ಲಮ್ಮ.”

“ಗಾಯದ ಕ್ರಿಮಿ ಸತ್ತವು. ಜೊತೆಗೆ ಹೊಟ್ಟೆಯ ಒಳ್ಳೇ ಕ್ರಿಮಿಗಳೂ ಸತ್ತವು. ತಿಂದ ಹುಲ್ಲನ್ನ ಅರಗಿಸೋದು ಅವೇ. ಅವಿಲ್ಲದ ಜಾಗಕ್ಕೆ ಕೆಟ್ಟವು ಬಂದು ಸೇರಿವೆ. ಗಂಜಿ, ಬೆಲ್ಲ ಆ ಕೆಟ್ಟದ್ದಕ್ಕೇ ಊಟ ಆಯ್ತು.” ಡಾಕ್ಟರು ಕೊಳವೆಯನ್ನು ಗೋವಿಂದಮ್ಮನ ಕಿವಿಗೆ ಸಿಕ್ಕಿಸಿದಳು. “ಕೇಳಿ. ಗುಳುಗುಳು ಅಂತ ಸದ್ದು ಇರಬೇಕು.”

ಗೋವಿಂದಮ್ಮ ಉಸಿರು ಬಿಗಿಹಿಡಿದು ಕೇಳಿದಳು. ಏನೂ ಇರಲಿಲ್ಲ.

“ಕುರಿಗೆ, ಮನುಷ್ಯರಿಗೆ ಒಂದು ಹೊತ್ತು ಲಂಘನ ನಡೆಯುತ್ತೆ. ಮೊಲದ ಹೊಟ್ಟೆ ನಿಲ್ಲಬಾರದಮ್ಮ. ಸದ್ದು ನಿಂತರೆ ಜೀವ ನಿಲ್ಲೋಕೆ ಹೆಚ್ಚು ಹೊತ್ತು ಬೇಡ.”

ನಾನೇ ಕೊಂದೆನೇ ಎಂದು ಗೋವಿಂದಮ್ಮ ಕೇಳಲಿಲ್ಲ. ಕೇಳಿದರೆ ಹೌದು ಎಂಬ ಉತ್ತರ ಬಂದೀತೆಂಬ ಭಯ. ಡಾಕ್ಟರು ತಾನು ಕುರಿ ನೋಡಿದಷ್ಟು ಮೊಲ ನೋಡಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ತನ್ನ ಮೇಷ್ಟರಿಗೆ ಫೋನು ಹಚ್ಚಿದಳು. ಚರ್ಮದಡಿ ಸಲೈನ್ ನೀರು ಕೊಟ್ಟಳು, ನೋವಿಗೊಂದು, ಗಾಯಕ್ಕೆ ಬೇರೆಯದೊಂದು ಸೂಜಿ ಹಾಕಿದಳು. ಆ ಮಾತ್ರೆ ಮತ್ತೆ ಮುಟ್ಟಬಾರದು. ಗಂಜಿ, ಬೆಲ್ಲ, ಬಿಸ್ಕತ್ತು, ಮೊಸರು ಯಾವುದೂ ಬೇಡ. ಒಣಹುಲ್ಲು ಸದಾ ಮುಂದಿರಲಿ. ಬೆಚ್ಚಗಿಡಿ. ಗದ್ದಲ ಬೇಡ, ಹೆದರಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ. ಇಷ್ಟು ಹೇಳಿ ಡಾಕ್ಟರು ಗೋವಿಂದಮ್ಮನ ಕಡೆ ತಿರುಗಿದಳು.

“ಇನ್ನೊಂದಿದೆ. ಮನೆಯಲ್ಲಿ ಹೆಪ್ಪು ಕೆಟ್ಟುಹೋದ್ರೆ ಏನು ಮಾಡ್ತೀರ?”

“ಪಕ್ಕದ ಮನೆಯಿಂದ ತರ್ತೀವಿ” ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

“ಇದಕ್ಕೂ ಅಷ್ಟೇ. ಮೊಲ ಎರಡು ಥರ ಹಿಕ್ಕೆ ಹಾಕುತ್ತೆ. ಗಟ್ಟಿ ಗುಂಡು ನಾವು ನೋಡೋದು. ಇನ್ನೊಂದು ಮೆತ್ತಗೆ, ಗೊಂಚಲು ಗೊಂಚಲಾಗಿ ಇರುತ್ತೆ. ಅದನ್ನ ತಾನೇ ಬಾಯಿ ಹಾಕಿ ತಿಂದುಬಿಡುತ್ತೆ. ಆ ಒಳ್ಳೇ ಕ್ರಿಮಿ ಇರೋದು ಅದರಲ್ಲಿ. ಆರೋಗ್ಯವಾಗಿರೋ ಇನ್ನೊಂದು ಮೊಲದ್ದು ತಂದು ನೀರಲ್ಲಿ ಕದಡಿ ಇದಕ್ಕೆ ಕುಡಿಸಬೇಕು. ಬದುಕುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಅಂಥ ಮೊಲ ಎಲ್ಲಾದ್ರೂ ಇದೆಯಾ?”

ಕೃಷ್ಣಕುಮಾರ್ ತಾಯಿಯ ಮುಖ ನೋಡಿದ. ತಾಯಿ ನೆಲ ನೋಡಿದಳು.

ಹೊರಗೆ ಬಂದಾಗ ದೊಡ್ಡಪಾಲಯ್ಯ ಟಗರಿಗೆಂದು ತಂದಿದ್ದ ಚೀಲದಿಂದ ಕುರಿ ಮೇಯುವ ಕಾವಲಿನ ಒಣಹುಲ್ಲು ಒಂದು ತೆಕ್ಕೆ ತೆಗೆದು ಆಟೋಗೆ ಹಾಕಿದ. ಗೋವಿಂದಮ್ಮ ದಾರಿಯುದ್ದಕ್ಕೂ ಆ ಹುಲ್ಲನ್ನು ಹಿಡಿದುಕೊಂಡು ಕೂತಿದ್ದಳು. ಕುಂದೇಲು ಬಾಯಿ ಹಾಕಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬಂದೀತೇ ಎನ್ನುತ್ತಾರೆ. ಗೋವಿಂದಮ್ಮನಿಗೆ ಸಮಾಧಾನವೂ ಬಂದಿರಲಿಲ್ಲ. ಬಂದದ್ದು ಭಯ ಮಾತ್ರ. ಗಂಡನನ್ನು ಉಳಿಸಿಕೊಳ್ಳಲು ಏನೂ ಮಾಡುವಷ್ಟು ಹೊತ್ತು ಸಿಕ್ಕಿರಲಿಲ್ಲ. ಈಗ ಹೊತ್ತಿದೆ, ದಾರಿಯಿದೆ, ಅಡ್ಡ ಇರುವುದು ತನ್ನದೇ ಒಂದು ಮಾತು. ಮಗನನ್ನು ಕಳಿಸಬಹುದಿತ್ತು. ಕೊಟ್ಟ ಮಾತ್ರೆ ತನ್ನ ಕೈಯದು, ಬೇಡುವ ಕೈಯೂ ತನ್ನದೇ ಆಗಬೇಕು ಎನಿಸಿತು.

ಹೆಪ್ಪು ತರುತ್ತಿದ್ದ ಸ್ಟೀಲಿನ ಬಟ್ಟಲನ್ನು ಹುಡುಕಿ ತೆಗೆದುಕೊಂಡು ನಾಗರತ್ನಳ ಮನೆಯ ಮೆಟ್ಟಿಲಲ್ಲಿ ನಿಂತಳು. ಒಳಗೆ ಮಗ್ಗ ಆಡುತ್ತಿತ್ತು. ಸದ್ದು ನಿಂತಿತು. ನಾಗರತ್ನ ಬಾಗಿಲಿಗೆ ಬಂದವಳು ಚೌಕಟ್ಟು ಹಿಡಿದುಕೊಂಡು ನಿಂತೇಬಿಟ್ಟಳು.

“ನಿನ್ ಮೊಲದ ಹಿಕ್ಕೆ ಬೇಕಾಗೈತೆ” ಎಂದಳು ಗೋವಿಂದಮ್ಮ.

ಇಷ್ಟು ಕಾಲದ ಮೌನದ ಮೇಲೆ ಮೊದಲ ಮಾತು ಇದಾದರೆ ಯಾರಿಗಾದರೂ ನಗು ಬರಬೇಕು. ನಾಗರತ್ನಳಿಗೆ ಬರಲಿಲ್ಲ. ಅವಳು ಅಕ್ಕಯ್ಯನ ಕಣ್ಣು ನೋಡಿದಳು. “ಕುಂದೇಲಿಗೆ ಏನಾತು?” ಎಂದಳು.

ಗೋವಿಂದಮ್ಮ ಹೇಳಿದಳು. ಮಾತ್ರೆಯಿಂದ ಹಿಡಿದು ಎಲ್ಲವನ್ನೂ, ಗಂಜಿಯನ್ನೂ ಮುಚ್ಚಿಡದೆ ಹೇಳಿದಳು.

“ಎರಡು ಥರದ್ದು ಹಾಕ್ತೈತೆ ಅನ್ನೋದೇ ನಾನ್ ಕಂಡಿಲ್ಲ ಅಕ್ಕಯ್ಯಾ.”

“ಹೆಂಗೆ ಕಾಣ್ತೈತೆ? ಬೀಳೋದ್ರೊಳಗೇ ತಿಂತೈತಂತೆ. ಬೆಳಗ್ಗೆ ಹೊತ್ತು ಕಾಯ್ಬೇಕಂತೆ. ಕೊರಳಿಗೆ ಏನಾರ ಅಡ್ಡ ಕಟ್ಟಿದ್ರೆ ಬಾಯಿ ಸಿಗಲ್ಲ ಅಂದ್ಳು ಆ ಡಾಕ್ಟ್ರಮ್ಮ.”

“ನಸುಕಿಗೆ ಬಾ” ಎಂದಳು ನಾಗರತ್ನ. ಒಳಗೆ ಬಾ ಎಂದು ಕರೆಯಲು ಅವಳಿಗೆ ಧೈರ್ಯ ಸಾಲಲಿಲ್ಲ.

ಅಲ್ಲಿಯವರೆಗೆ ಕುಂದೇಲನ್ನು ಹಳೆಯ ರಗ್ಗಿನಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ತೊಟ್ಟು ತೊಟ್ಟು ನೀರು ಬಿಡುತ್ತ ಗೋವಿಂದಮ್ಮ ಜೀವ ಹಿಡಿದುಕೊಂಡಿದ್ದಳು. ಪೂರ್ವ ಬೆಳ್ಳಗಾಗುವ ಮೊದಲೇ ಮಗನ ಮಡಿಲಿಗೆ ಅದನ್ನು ಹಾಕಿ, ಬಟ್ಟಲು ಹಿಡಿದು ಹೊರಟಳು. ನಾಗರತ್ನಳ ಹೊಸಿಲ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ದಾಟಿದಳು. ಮನೆ ಮುರಿದು ಬೀಳಲಿಲ್ಲ.

ಮಗ್ಗದ ಪಕ್ಕದಲ್ಲಿ ನಾಗರತ್ನ ತನ್ನ ಮೊಲವನ್ನು ತೊಡೆಗಳ ನಡುವೆ ಹಿಡಿದು ಕೂತಿದ್ದಳು. ದುಂಡಗೆ ಬೆಳೆದ ಮೊಲ. ಅದರ ಕೊರಳಿಗೆ ಕೊರಳಪಟ್ಟಿಯಂತೆ ಒಂದು ಗಟ್ಟಿ ರಟ್ಟಿನ ಅಟ್ಟೆ ಸುತ್ತಿದ್ದಳು. ಅಟ್ಟೆಯ ತುಂಬ ಸಣ್ಣ ಸಣ್ಣ ತೂತು. ಸೀರೆಯಂಚಿನ ಚಿತ್ತಾರವನ್ನು ಮಗ್ಗಕ್ಕೆ ಹೇಳಿಕೊಡುವುದು ಹೀಗೆ ತೂತು ಹೊಡೆದ ಅಟ್ಟೆಗಳ ಸಾಲು. ಒಂದನ್ನು ಕತ್ತರಿಸಿದರೂ ಆ ಚಿತ್ತಾರ ಮತ್ತೆ ನೇಯಲು ಬರುವುದಿಲ್ಲ.

“ಅಯ್ಯೋ ದೇವುಡಾ, ಯಾವ್ದನ್ನೇ ಕತ್ತರಿಸ್ದೆ?” ಎಂದ ಗೋವಿಂದಮ್ಮ ಬಾಗಿ ನೋಡಿದಳು. ತೂತಿನ ಲೆಕ್ಕದಲ್ಲೇ ಅವಳಿಗೆ ಗುರುತು ಸಿಕ್ಕಿತು. “ಹಂಸದಂಚಿಂದು! ನಮ್ಮನೆಯವರು ಬರೆದದ್ದು!”

“ಹೂಂ. ಆವತ್ತು ಮಗ್ಗದ ಮೇಲೆ ಇದ್ದದ್ದು ಇದೇ. ಅದಾದ್ಮೇಲೆ ನಾನು ಏರ್ಸಿಲ್ಲ. ಇನ್ಮೇಲೂ ಏರ್ಸಲ್ಲ.”

ಗೋವಿಂದಮ್ಮ ಎದುರಿಗೆ ಕೂತಳು. ನಡುವೆ ಮೊಲ. ಇಬ್ಬರೂ ಅದರ ಬಾಲದ ಕಡೆಗೆ ಕಣ್ಣು ನೆಟ್ಟಿದ್ದರು. ದೇವರ ಅಪ್ಪಣೆಗೂ ಅವರು ಯಾವತ್ತೂ ಅಷ್ಟು ಭಕ್ತಿಯಿಂದ ಕಾದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಗೋವಿಂದಮ್ಮ ಕೇಳಿದಳು. “ಯಾರ ಮದುವಿ ಸೀರೆಗೆ ಅವಸರ ಇತ್ತೇ ಆವತ್ತು? ಮೂರು ದಿನ ಆಗಿರ್ಲಿಲ್ಲ ಅವರು ಹೋಗಿ.”

“ಯಾರ್ದೂ ಇರ್ಲಿಲ್ಲ ಅಕ್ಕಯ್ಯಾ.” ನಾಗರತ್ನ ಮೊಲದ ಕಿವಿ ಸವರುತ್ತಿದ್ದಳು. “ಬಾವಗಾರು ಹೋದ್ಮೇಲೆ ಗೋಡೆ ಆ ಕಡೆಯಿಂದ ಸದ್ದೇ ಬರ್ಲಿಲ್ಲ. ಈ ಮನೆಗೆ ಬಂದಾಗ್ಲಿಂದ ಆ ಸದ್ದು ಇಲ್ದೆ ನಾನು ಬೆಳಗು ಕಂಡೋಳಲ್ಲ. ಮೊದಲ್ನೇ ದಿನ ಅಳು ಇತ್ತು. ಮೂರನೇ ದಿನ ಅದೂ ಇರ್ಲಿಲ್ಲ. ತಲೆ ಕೆಟ್ಟೋದಂಗಾತು. ಹೋಗಿ ಕೂತ್ಕಂಡೆ. ಲಾಳಿ ಎಸೆದೆ. ಅಂಚಿನ ಲಾಳಿ ಹಿಡಿಯಾಕೆ ನೀನು ಬರ್ತೀಯ ಅಂತ ಕೈ ತಾನೇ ಕಾಯ್ತಿತ್ತು. ನೀನೂ ಬಂದೆ.” ಅವಳು ಬಾಗಿಲ ಕಡೆ ನೋಡಿದಳು. “ಬಾಗ್ಲಾಗೇ ನಿಂತು ಹೋದೆ.”

ಗೋವಿಂದಮ್ಮನಿಗೆ ಆ ಮಧ್ಯಾಹ್ನದ ಒಂದು ಗಳಿಗೆ ನೆನಪಾಯಿತು. ಸದ್ದು ಕೇಳಿ ಗಂಡ ಬಂದನೆಂದು ಜೀವ ಬಂದ ಗಳಿಗೆ. ಅದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

“ತಪ್ಪು ಮಾಡ್ದೆ ಅಕ್ಕಯ್ಯಾ.”

“ಮಾಡ್ದೆ” ಎಂದಳು ಗೋವಿಂದಮ್ಮ. ಮೊಲದ ಕೊರಳಿನ ಅಟ್ಟೆ ಸರಿಪಡಿಸುತ್ತ, “ನಾನೂ ಮಾತ್ರೆ ಕೊಟ್ಟೆ. ಒಳ್ಳೇದಾಗ್ಲಿ ಅಂತಲೇ ಕೊಟ್ಟೆ” ಎಂದಳು.

ಅಷ್ಟರಲ್ಲಿ ಮೊಲ ಬೆನ್ನು ಬಾಗಿಸಿ ಬಾಯಿ ಹಿಂದಕ್ಕೆ ತಿರುಗಿಸಲು ನೋಡಿತು. ಅಟ್ಟೆ ಅಡ್ಡ ಬಂತು. “ಹಿಡೀ ಹಿಡೀ” ಎಂದು ಇಬ್ಬರೂ ಒಟ್ಟಿಗೆ ಕೂಗಿ ಬಟ್ಟಲು ಚಾಚಿದರು. ಕರ್ರಗೆ ಹೊಳೆಯುವ ಮೆತ್ತನೆಯ ಒಂದು ಗೊಂಚಲು ಬಟ್ಟಲಿಗೆ ಬಿತ್ತು. ಗೋವಿಂದಮ್ಮ ಅದನ್ನು ಸೆರಗಿನಿಂದ ಮುಚ್ಚಿಕೊಂಡು, ಪ್ರಸಾದ ಒಯ್ಯುವವಳಂತೆ ಓಡಿದಳು.

ಉಗುರುಬೆಚ್ಚನೆಯ ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಕುಂದೇಲು ನುಂಗಿತು. ಅಷ್ಟೇ. ಎದ್ದು ಕುಣಿಯಲಿಲ್ಲ. ಮರುದಿನ ನಸುಕಿಗೂ ಇಬ್ಬರೂ ಕಾದರು, ಅದರ ಮರುದಿನವೂ. ನಡುನಡುವೆ ಡಾಕ್ಟರು ಬಂದು ನೀರು ಕೊಟ್ಟು ಹೋದಳು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ನೋಡೋಣ ಎಂದಷ್ಟೇ ಹೇಳಿದಳು. ಗೋವಿಂದಮ್ಮ ಹುಲ್ಲಿನ ಎಳೆಯೊಂದನ್ನು ಅದರ ಮೂತಿಯ ಮುಂದೆ ಹಿಡಿದು ಕೂತೇ ಇರುತ್ತಿದ್ದಳು. ಒಂದು ಸಲ ಅದು ಮೂಸಿ ನೋಡಿತು. ಮತ್ತೆ ಮುಖ ತಿರುಗಿಸಿತು.

ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ ಅವಳಿಗೆ ಏನೋ ಇಲ್ಲ ಎನಿಸಿತು. ಕಿವಿಗೊಟ್ಟಳು. ಗೋಡೆಯಾಚೆ ಮಗ್ಗದ ಸದ್ದಿಲ್ಲ. ನೆನಪು ಮಾಡಿಕೊಂಡರೆ ನಿನ್ನೆಯೂ ಇರಲಿಲ್ಲ, ಮೊನ್ನೆಯೂ ಇರಲಿಲ್ಲ. ಗದ್ದಲ ಬೇಡವೆಂದು ಡಾಕ್ಟರು ಹೇಳಿದ್ದನ್ನು ಕೃಷ್ಣಕುಮಾರ್ ಚಿಕ್ಕಮ್ಮನ ಕಿವಿಗೆ ಹಾಕಿದ್ದ. ಸತ್ತವನಿಗೆ ಕೊಡದ ಮೌನವನ್ನು ನಾಗರತ್ನ ಈ ಮೊಲಕ್ಕೆ ಕೊಟ್ಟಿದ್ದಳು. ಅಂದು ತಾನು ಬಯಸಿದ್ದು ಇದನ್ನೇ ಅಲ್ಲವೇ ಎಂದುಕೊಂಡಳು. ಆ ಮೌನದಲ್ಲಿ ಕೂತಷ್ಟು ಹೊತ್ತೂ ಅವಳ ಎದೆ ಭಾರವಾಗುತ್ತ ಹೋಯಿತು. ಮಾರ್ಕಂಡಪ್ಪ ಇಲ್ಲ ಎಂಬುದು ಮನೆಯ ಮೂಲೆಮೂಲೆಯಿಂದಲೂ ಕೇಳಿಸತೊಡಗಿತು. ನಾಗರತ್ನ ಹೇಳಿದ ತಲೆ ಕೆಡುವುದು ಎಂದರೇನೆಂದು ಆಗ ತಿಳಿಯಿತು.

ಕುಂದೇಲನ್ನು ಎತ್ತಿ ಅದರ ಹೊಟ್ಟೆಗೆ ಕಿವಿಯಿಟ್ಟಳು. ಏನಿಲ್ಲ. ಮತ್ತೂ ಇಟ್ಟಳು. ಒಳಗೆಲ್ಲೋ, ತುಂಬಾ ದೂರದಲ್ಲಿ, ಗುಳುಕ್ ಎಂದಿತು. ಉಸಿರು ಬಿಗಿಹಿಡಿದಳು. ಮತ್ತೊಂದು. ಮಗನ ಮೊದಲ ತೊದಲುಮಾತು ಕೇಳಿದಾಗಲೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಕೆಳಗಿಳಿಸಿದಾಗ ರಗ್ಗಿನ ಮೇಲೆ ಒಂದು ಹಿಕ್ಕೆ ಬಿದ್ದಿತ್ತು. ಸಣ್ಣದು, ಸೊಟ್ಟ, ಆದರೆ ಗಟ್ಟಿ.

ಗೋವಿಂದಮ್ಮ ಎದ್ದು ಮುಷ್ಟಿಯಿಂದ ಗೋಡೆ ಗುದ್ದಿದಳು.

“ನಾಗರತ್ನಾ!”

“ಏನಕ್ಕಯ್ಯಾ? ಏನಾತು?” ಆಚೆಯ ದನಿಯಲ್ಲಿ ಗಾಬರಿ.

“ಮಗ್ಗ ಯಾಕೆ ನಿಲ್ಲಿಸೀಯೇ?”

“ಕುಂದೇಲಿಗೆ ಸದ್ದಾಗಬಾರ್ದು ಅಂತಲ್ಲ...”

“ಮಗ್ಗದ ಕುಣಿಯಾಗೆ ಬೆಳೆದದ್ದು ಅದು. ಸದ್ದಿಲ್ದೇ ಇದ್ರೇನೇ ಅದಕ್ಕೆ ಭಯ.” ಗೋವಿಂದಮ್ಮ ಹಣೆಯನ್ನು ಗೋಡೆಗೆ ಆನಿಸಿದಳು. “ನೇಯೇ ತಾಯಿ. ನೇಯಿ.”

ಆಚೆ ನಾಗರತ್ನ ಕುಣಿಗೆ ಇಳಿದ ಸದ್ದು. ಆಮೇಲೆ ಒಂದು ಬಡಿತ, ತಡೆದು ಇನ್ನೊಂದು, ಆಮೇಲೆ ಲಾಳಿ ಓಡಿತು. ಗೋವಿಂದಮ್ಮ ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತಳು. ಗಂಡ ಹೋದ ದಿನದಿಂದ ಗಂಟಲಲ್ಲೇ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟು, ಗಟ್ಟಿಯಾಗಿ, ಬೀದಿಗೆ ಕೇಳಿಸಿದರೂ ಕೇಳಿಸಲಿ ಎಂಬಂತೆ ಅತ್ತಳು. ಕುಂದೇಲು ಒಂದು ಕಿವಿ ಎತ್ತಿ ಅವಳನ್ನು ನೋಡಿತು. ಮತ್ತೆ ತಲೆ ಬಗ್ಗಿಸಿ ಹುಲ್ಲಿನ ಎಳೆಯೊಂದನ್ನು ಎಳೆದುಕೊಂಡು ಅಗಿಯತೊಡಗಿತು. ಗೋಡೆಯಾಚೆ ಮಗ್ಗ ನಿಲ್ಲಲಿಲ್ಲ.